ತೂಗುಸೇತುವೆಯ ಹೊಸ ಕೊಕ್ಕೆಗಳು

ಮಾರ್ಚ್ 4
ನಿನ್ನೆ ಬೆಳಿಗ್ಗೆ ಕಾಲುವೆಯ ತೂಗುಸೇತುವೆಯ ಕೊಕ್ಕೆ ಮುರಿಯಿತು. ಹಲಗೆ ವಾಲಿ ಪೋಸ್ಟ್‌ಮ್ಯಾನ್ ಕೆಳಗೆ ಬಿದ್ದ. ಸೊಂಟ ಮುರಿದಿದೆ. ನಗರಸಭೆಯ ಸಮಜಾಯಿಷಿ — ಜನ ಜಾಸ್ತಿ ಹತ್ತಿದ್ದರು. ಹಸಿ ಸುಳ್ಳು. ಅವನೊಬ್ಬನೇ ಇದ್ದ.

ಅಪ್ಪ ಮಾಡಿದ ಕೊಕ್ಕೆಗಳು ನಾನು ಶಾಲೆಗೆ ಹೋಗುವಾಗಿನಿಂದ ರಿಟೈರ್ ಆಗುವವರೆಗೂ ಕಮಕ್ ಕಿಮಕ್ ಅಂದಿರಲಿಲ್ಲ. ಹಳೆಯದಾಯಿತೆಂದು ಕಿತ್ತು ಹೊಸವು ಹಾಕಿದರು. ವರ್ಷ ತುಂಬಲಿಲ್ಲ. ಮುರಿದಲ್ಲಿ ಹಗ್ಗ ಬಿಗಿದು ಮತ್ತೆ ಜನರನ್ನು ಬಿಟ್ಟಿದ್ದಾರೆ. ಹಗ್ಗ!

ಮಾರ್ಚ್ 5, ಸಂಜೆ
ಹೋಗಿ ನೋಡಿದೆ. ಮುರಿದ ತುಂಡು ಇನ್ನೂ ನೇತಾಡುತ್ತಿದೆ. ಅಪ್ಪನದು ದುಂಡಗಿತ್ತು — ಸರಳು ಕಾಯಿಸಿ, ಬಡಿದು, ಬಗ್ಗಿಸಿದ್ದು. ಇದು ಚಪ್ಪಟೆ. ಅಂಚಿಗೆ ಬಾಚಣಿಗೆ ಎಳೆದಂಥ ಗೀರು. ಕಬ್ಬಿಣದ ಪ್ಲೇಟಿನಿಂದ ಗ್ಯಾಸ್ ಉರಿಯಲ್ಲಿ ಕಟಿಂಗ್ ಮಾಡಿದ್ದು. ಒಳಮೂಲೆಯನ್ನು ಉಜ್ಜದೆ ಚೂಪಾಗಿ ಬಿಟ್ಟಿದ್ದಾರೆ. ಬಿರುಕು ಶುರುವಾದದ್ದು ಅಲ್ಲೇ. ಉಳಿದವೂ ಹೀಗೇ ಇವೆ.

ತಮ್ಮನಿಗೆ ಹೇಳಿದೆ. ಅಪ್ಪನ ಕುಲುಮೆ ಈಗ ಅವನದು. ಸುತ್ತಿಗೆ ನಿಲ್ಲಿಸಲಿಲ್ಲ.

"ಶುರುವಾಯ್ತು. ಅಕ್ಕಾ, ಯಾರಿಗಾದ್ರೂ ಅರ್ಜಿ ಬರೀದಿದ್ರೆ ನಿಂಗೆ ಊಟ ಸೇರಲ್ವಾ?"

"ಕತ್ತರಿಸಿದ್ದು ಯಾರು ಗೊತ್ತಾ?"

"ಊರಲ್ಲಿ ಕಟಿಂಗ್ ಮಾಡೋರಿಗೇನು ಬರವೇ?"

ಮಾರ್ಚ್ 9
ಇಷ್ಟು ದಿನ ಡೈರಿ ಬರೆಯಲಾಗಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು...

ಸೋಮವಾರ ಕೈ ತೊಳೆಯಲು ಕುಲುಮೆಯ ಹಿತ್ತಲಿಗೆ ಹೋದೆ. ಚರಂಡಿಯ ಮೇಲೆ ಮುಚ್ಚಳವಾಗಿ ದಪ್ಪ ಪ್ಲೇಟು. ಬಿಸ್ಕತ್ತು ಒತ್ತಿ ತೆಗೆದ ಮೇಲೆ ಹಿಟ್ಟು ಉಳಿಯುತ್ತದಲ್ಲ, ಹಾಗೆ ತೂತು ತೂತು. ಪ್ರತಿ ತೂತೂ ಕೊಕ್ಕೆಯ ಆಕಾರ.

ತಮ್ಮ ಹಿಂದೆಯೇ ನಿಂತಿದ್ದ.

"ಮಾದರಿಗೆ ಅಂತ ಮೊದಲನೇದು ಬಡಿದೇ ಮಾಡಿದ್ದೆ. ನಗರಸಭೆ ಇಂಜಿನಿಯರ್ ಒಪ್ಪಿದ್ದು ಅದನ್ನೇ. ಆಮೇಲೆ ಬೇಗ ಬೇಗ ಅಂತ ಕಂಟ್ರಾಕ್ಟರ್ ಬೆನ್ನು ಬಿದ್ದ. ಕತ್ತರಿಸಿ ಕೊಟ್ಟೆ. ಹಾಕುವಾಗ ಯಾರೂ ತಿರುಗಿ ನೋಡ್ಲಿಲ್ಲ."

"ಮೂಲೆ ಯಾಕೆ ಉಜ್ಜಲಿಲ್ಲ?"

"ಪೇಂಟ್ ಮುಚ್ಚುತ್ತೆ ಅಂದ್ಕೊಂಡೆ."

"ಬಿರುಕನ್ನೂ ಮುಚ್ತಾ?"

ಅವನ ಹೆಂಡತಿ ಬಾಗಿಲಿಗೆ ಬಂದಳು. "ಅತ್ತಿಗೆ, ಇದು ಹೊರಗೆ ಹೋದ್ರೆ ಕುಲುಮೆಗೆ ಬೀಗ. ನಿಮ್ಮಪ್ಪನ ಕುಲುಮೆ, ನೆನಪಿರಲಿ."

ನೆನಪಿದೆ. ಅದೇ ತೊಂದರೆ.

ಮಾರ್ಚ್ 11, ಬೆಳಿಗ್ಗೆ
ಹತ್ತಕ್ಕೆ ಸೇತುವೆಯ ವಿಚಾರವಾಗಿ ನಗರಸಭೆಯ ಬಹಿರಂಗ ಸಭೆ. ಕಿಟಕಿಯಿಂದ ಸೇತುವೆ ಕಾಣುತ್ತಿದೆ. ಶಾಲೆಯ ಮಕ್ಕಳು ಆ ಹಗ್ಗ ಹಿಡಿದು ಜೀಕುತ್ತಾ ದಾಟುತ್ತಿದ್ದಾರೆ.

ಮೊದಲು ಇಂಜಿನಿಯರನ್ನೇ ಕೇಳುತ್ತೇನೆ — ಒಪ್ಪಿದ್ದು ಯಾವ ಕೊಕ್ಕೆ, ನೇತುಹಾಕಿದ್ದು ಯಾವುದು? ಉತ್ತರ ಮೈಕಿನ ಮುಂದೆ ಬೇಕು. ಎಲ್ಲ ಕೊಕ್ಕೆ ಇಳಿಸುವವರೆಗೆ ಸೇತುವೆ ಮುಚ್ಚಬೇಕು. ಆಮೇಲೆ ತಮ್ಮನ ಕಡೆ ತಿರುಗುತ್ತೇನೆ. ಅವನಿಗೂ ಹೇಳಿದ್ದೇನೆ.

"ಹೆಸರು ಹಿಡಿದು ಕರೀತೀಯಾ, ಅಕ್ಕಾ?"

"ನೀನಾಗೇ ಎದ್ದರೆ ಕರೆಯಲ್ಲ."

ಆಚೆ ಕೋಣೆಯಲ್ಲಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾನೆ. ಸಭೆಗೋ, ಬಸ್ ಸ್ಟ್ಯಾಂಡಿಗೋ... ಬಾರೋ. ಪೋಸ್ಟ್‌ಮ್ಯಾನ್ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಅವಳ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಹೇಳು — ಆ ಕೊಕ್ಕೆಗಳನ್ನು ಕತ್ತರಿಸಿದ್ದು ನಾನು, ಅಂತ.