ಬಾನೆಟ್ ಮೇಲಿನ ಬೀನ್ಸ್

ಮಾರ್ಚ್ 14, ಬೆಳಿಗ್ಗೆ

ಬಾನೆಟ್ ಮೇಲೆ ಒಣಗಿದ ಮೊಟ್ಟೆಯ ಹಳದಿಗೆ ಒಂದು ಇರುವೆ ಅಂಟಿಕೊಂಡು ಸತ್ತಿತ್ತು. ಕಾರು ಭಾವನದು. ಭಾನುವಾರ ಮಾತ್ರ ಹೊರಡುತ್ತದೆ. ಉಳಿದ ದಿನ ನಮ್ಮ ಅಡುಗೆಮನೆಯ ಕಿಟಕಿ ಕೆಳಗೆ ಬಿಸಿಲು ಕಾಯಿಸುತ್ತದೆ. ತೊಳೆಯುವುದು ನಾನು. ಎಂ.ಎ. ಮುಗಿಸಿ, ಕೆಲಸ ಸಿಗದೆ, ಅಕ್ಕನ ಮನೆಯಲ್ಲಿ ಉಣ್ಣುವ ತಂಗಿ ಇನ್ನೇನು ಮಾಡಬೇಕು?

ಕೆರೆದರೆ ಗೀರು ಬೀಳುತ್ತದೆ. ಒದ್ದೆ ಬಟ್ಟೆ ಹೊದಿಸಿ, ನೆನೆಯುವವರೆಗೆ ಕಾಯಬೇಕು. ಆಮೇಲೆ ಶಾಂಪೂ.

ಭಾವ ಬಾಲ್ಕನಿಯಿಂದ — "ಮೆತ್ತಗೆ ಉಜ್ಜಮ್ಮಾ ಪಂಡಿತೆ! ಕಾವ್ಯ ಅಲ್ಲ, ಕಾರು ಅದು!"

ರಾತ್ರಿ ಹೊತ್ತು ಕಾರಿನ ಮೇಲೆ ಎಂಜಲು ಎಸೆಯುವುದು ಮೇಲಿನ ಮನೆಯ ನರ್ಸ್ ಎಂದು ಅವರ ತೀರ್ಮಾನ. "ಒಂಟಿ ಹೆಂಗಸು. ಹೊತ್ತಲ್ಲದ ಹೊತ್ತಲ್ಲಿ ಬರ್ತಾಳೆ. ಇನ್ಯಾರು?"

ಮಾರ್ಚ್ 17

ಇವತ್ತು ಬೀನ್ಸ್. ವೈಪರ್ ಸಂದಿಯಲ್ಲಿ, ಬಾಗಿಲ ಹ್ಯಾಂಡಲ್ ಒಳಗೆ. ಹಳೆ ಟೂತ್‌ಬ್ರಶ್ ತಂದು ಬಿಡಿಸಿದೆ. ಓರೆಯಾಗಿ ಹೆಚ್ಚಿದ್ದು, ತುದಿ ಚೂಪು. ಅಮ್ಮ ಹಾಗೆ ಹೆಚ್ಚುತ್ತಿದ್ದಳು. ಈಗ ಅಕ್ಕ.

ನಿನ್ನೆ ಭಾವ ಬೀನ್ಸ್ ಪಲ್ಯದ ತಟ್ಟೆ ತಳ್ಳಿ ಎದ್ದಿದ್ದರು. "ಇದನ್ನ ಮನುಷ್ಯರು ತಿಂತಾರಾ?" ಅಕ್ಕ ತಟ್ಟೆಯನ್ನು ಅಡುಗೆಮನೆಗೆ ಒಯ್ದಿದ್ದಳು.

ಬೀನ್ಸನ್ನೆಲ್ಲ ಆರಿಸಿ ಮೋರಿಗೆ ಹಾಕಿದೆ. ಯಾರಿಗೂ ಹೇಳಲಿಲ್ಲ.

ಮಾರ್ಚ್ 25

ಭಾವ ಮನೆ ಓನರನ್ನು ಕರೆಸಿದ್ದರು. ಕಾರಿನ ಪಕ್ಕದಲ್ಲೇ ಪಂಚಾಯ್ತಿ. ಮೇಲಿನವರು ಭಾನುವಾರದೊಳಗೆ ಮನೆ ಖಾಲಿ ಮಾಡಬೇಕಂತೆ. ನರ್ಸ್ ಯೂನಿಫಾರ್ಮಿನಲ್ಲೇ ನಿಂತಿದ್ದರು.

"ಸಾರ್, ನಂದು ಊಟ ಎಲ್ಲಾ ಆಸ್ಪತ್ರೆ ಕ್ಯಾಂಟೀನಲ್ಲಿ. ಮನೇಲಿ ಸ್ಟವ್ ಹಚ್ಚೋದೇ ಅಪರೂಪ." ನನ್ನ ಕಡೆ ತಿರುಗಿದರು. "ದಿನಾ ತೊಳೀತೀರಲ್ಲಮ್ಮ, ನೀವಾದ್ರೂ ಹೇಳಿ."

ನಾನು ಬಕೆಟ್ ಎತ್ತಿಕೊಂಡು ನಲ್ಲಿ ಕಡೆ ನಡೆದೆ.

ಸಂಜೆ ಅಕ್ಕನನ್ನು ಕೇಳಿಯೇಬಿಟ್ಟೆ, ಎಸೆಯೋದು ನೀನೇನಾ ಎಂದು. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಅವರ ಮುಖಕ್ಕೆ ಎಸೆಯೋಕಾಗುತ್ತೇನೇ?"

"ತೊಳೆಯೋದು ನಾನಲ್ವಾ ಅಕ್ಕ..."

"ತೊಳಿ. ಪುಕ್ಕಟೆ ಉಣ್ತಿಲ್ವಾ?"

"ಮೇಲಿನ ಮನೆ ಸಿಸ್ಟರ್ ಎಲ್ಲಿಗೆ ಹೋಗ್ಬೇಕು?"

"ಅವಳಿಗೆ ಒಂದು ಕೆಲಸ ಇದೆ ಕಣೇ, ಎಲ್ಲಿಗಾದ್ರೂ ಹೋಗ್ತಾಳೆ. ನಾನೆಲ್ಲಿಗೆ ಹೋಗ್ಲಿ?"

ನಾನು ಈರುಳ್ಳಿ ಸಿಪ್ಪೆ ಬಳಿದು ಹೊರಗೆ ಒಯ್ದೆ.

ಮಾರ್ಚ್ 29, ಭಾನುವಾರ, ಬೆಳಿಗ್ಗೆ

ಮೇಲಿನಿಂದ ಸಾಮಾನು ಎಳೆಯುವ ಸದ್ದು. ಬೀಗದ ಕೈ ಇಸಿದುಕೊಳ್ಳಲು ಬಂದ ಓನರ್ ನಮ್ಮ ಹಾಲಿನಲ್ಲಿ ಕೂತಿದ್ದಾರೆ. ಭಾವ ಏನೋ ಹೇಳಿ ನಗಿಸುತ್ತಿದ್ದಾರೆ. ಅಕ್ಕ ಕಾಫಿ ಸೋಸುತ್ತಿದ್ದಾಳೆ.

ನನ್ನ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದೆ.

ಎಸೆದದ್ದು ನಾನೇ ಎಂದು ಹೇಳುತ್ತೇನೆ. ಭಾವ ಕೂಡಲೇ ನಂಬುತ್ತಾರೆ — ಉಂಡ ಮನೆಗೇ ಹೀಗೆ ಮಾಡಿದಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅಕ್ಕ ಅಲ್ಲ ಎನ್ನುವುದಿಲ್ಲ. ಅದು ನನಗೆ ಗೊತ್ತು. ಹೇಳುತ್ತಿರುವುದು ಅವಳನ್ನು ಉಳಿಸಲೆಂದೂ ಅಲ್ಲ. ಇಲ್ಲಿಂದ ಹೊರಬೀಳಲು ನನಗೆ ಬೇರೆ ಯಾವ ದಾರಿಯೂ...

ಸಿಸ್ಟರ್ ಮೆಟ್ಟಿಲು ಇಳಿಯುತ್ತಿದ್ದಾರೆ. ಈಗಲೇ ಹೇಳಬೇಕು —