ನಲವತ್ತೊಂದನೇ ನಂಬರಿನ ಹಾಳೆ

ಮಾರ್ಚ್ ಒಂಬತ್ತು, ಸೋಮವಾರ
ಆಸ್ಪತ್ರೆಯ ವರಾಂಡದಿಂದ

ನನ್ನ ಪುಟ್ಟೀ,

ಅಮ್ಮನ ಆಶೀರ್ವಾದ. ನೀನು ವಾರ್ಡಿಗೆ ಸೇರಿ ನಾಲ್ಕು ದಿನವಾಯಿತು, ನನ್ನ ಕಾಗದ ಇವತ್ತು ಬರುತ್ತಿದೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆದು ಬರೆದು ಹರಿದು ಹಾಕಿದೆ. ಒಂದನ್ನು ನಿಮ್ಮಪ್ಪ ಓದಿ, "ಇದು ಕಾಗದಾನೋ, ನಿಮ್ಮ ಆಹಾರ ಸಲಹಾ ಸೆಂಟರಿನ ಕರಪತ್ರಾನೋ?" ಅಂದರು. ನಿಜ, ದಿನಕ್ಕೆ ಎಷ್ಟು ಪ್ರೋಟೀನ್ ಬೇಕು ಅಂತ ಅದರಲ್ಲಿ ಬರೆದಿದ್ದೆ. ಹುಟ್ಟುಗುಣ ನೋಡು, ಸುಟ್ಟರೂ ಹೋಗುವುದಿಲ್ಲ.

ನಿಮ್ಮಪ್ಪ ನಿನ್ನ ಬಾಗಿಲ ಎದುರಿನ ಬೆಂಚು ಬಿಟ್ಟು ಏಳುತ್ತಿಲ್ಲ. ಅವರನ್ನಾದರೂ ಒಳಗೆ ಬಿಡುತ್ತೀಯ. "ಅಮ್ಮ ಬರೋದು ಬೇಡ" ಅಂದೆಯಂತೆ. ಡಾಕ್ಟರೂ ಅದನ್ನೇ ಹೇಳಿದರು: "ಒತ್ತಾಯ ಮಾಡಬೇಡಿ ಮೇಡಂ, ಅವಳಾಗೇ ಕರೀಲಿ. ಆದ್ರೆ ಈ ವಾರ ಬಾಯಿಂದ ಏನಾದ್ರೂ ತಗೊಳ್ಳದಿದ್ರೆ ಹೃದಯ ತಡ್ಕೊಳ್ಳಲ್ಲ." ಇಪ್ಪತ್ತು ವರ್ಷದಿಂದ ಬೇರೆ ತಾಯಂದಿರಿಗೆ ನಾನು ಹೇಳುತ್ತಿದ್ದ ಮಾತು ಅದು.

ನೀನು ಕಾಲೇಜಿನ ಲೈಬ್ರರಿ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದ ದಿನ ನಿನ್ನ ಬ್ಯಾಗು ನನ್ನ ಕೈಗೆ ಕೊಟ್ಟರು. ಅದರಲ್ಲಿ ನಮ್ಮ ಸೆಂಟರಿನ ಕಾರ್ಡು ಇತ್ತು. ನಂಬರು ನಲವತ್ತೊಂದು.

ಹನ್ನೆರಡು ವಾರದ ಆ ತೂಕ ಇಳಿಸುವ ಯೋಜನೆ ನನ್ನದೇ ತಾನೆ. ವಿದ್ಯಾರ್ಥಿಗಳಿಂದ ಹಿಡಿದು ಕಚೇರಿಯವರ ತನಕ ಯಾರು ಬೇಕಾದರೂ ಸೇರಬಹುದು, ತಿಂದದ್ದನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಹೆಸರು ಬೇಡ, ನಂಬರು ಸಾಕು. ತೂಕವೂ ಬೇಡ, ಎಷ್ಟು ಇಳಿಯಿತು ಅಂತ ಹೇಳಿದರೆ ಸಾಕು. ಮಕ್ಕಳು ನಾಚಿಕೊಳ್ಳುತ್ತಾರೆ ಅಂತ ಹಠ ಹಿಡಿದು ಆ ನಿಯಮ ಮಾಡಿಸಿದವಳು ನಾನೇ. ಇನ್ನೂರು ಜನರ ಹಾಳೆಗಳನ್ನು ವಾರವಾರ ಪ್ರಿಂಟ್ ತೆಗೆದು ಹಸಿರು ಶಾಯಿಯಲ್ಲಿ ಷರಾ ಬರೆಯುತ್ತಿದ್ದೆ.

ನಲವತ್ತೊಂದು ಅಂದರೆ ಯಾರೋ ಹೊಟ್ಟೆ ಬಂದ ಗುಮಾಸ್ತ ಅಂದುಕೊಂಡಿದ್ದೆ ಕಣೆ. ಕರಿದ ತಿಂಡಿ ಬಿಟ್ಟ, ಆಮೇಲೆ ಸಂಜೆಯದ್ದೂ ಬಿಟ್ಟ, ಪರವಾಗಿಲ್ಲವೇ ಆಸಾಮಿ ಅಂತ ಶಭಾಷ್‌ಗಿರಿ ಕೊಟ್ಟೆ. ಒಂಬತ್ತನೇ ವಾರದ ಹಾಳೆಯನ್ನು ಎಲ್ಲರೂ ನೋಡಿ ಕಲಿಯಲಿ ಅಂತ ನೋಟಿಸ್ ಬೋರ್ಡಿಗೇ ಅಂಟಿಸಿದೆ. ನೀನು ಅದರ ಮುಂದೆ ನಿಂತಿದ್ದೆ. "ಏನೇ, ಕ್ಲಾಸಿಲ್ವಾ?" ಅಂತ ಕೇಳಿದೆ. ನೀನು ನಕ್ಕು ಹೋದೆ.

ಹಾಸ್ಟೆಲಿಂದ ಭಾನುವಾರ ಬಂದಾಗಲೆಲ್ಲ ದೊಗಲೆ ಅಂಗಿ ಹಾಕಿಕೊಂಡು ಬರುತ್ತಿದ್ದೆ. ಈಗ ಅದೇ ಫ್ಯಾಶನ್ನೇನೋ ಅಂದುಕೊಂಡೆ. "ಅಲ್ಲೇ ತಿಂದು ಬಂದೆ" ಅಂದರೆ ನಂಬಿದೆ. ದೀಪದ ಬುಡ ಕತ್ತಲೆ ಅನ್ನುವುದು ನನಗೇ ಹೇಳಿದ ಮಾತು. ಊರ ಮಕ್ಕಳ ಮುಖ ನೋಡಿ ಹಸಿವು ಗುರುತಿಸುತ್ತೇನೆ ಅಂತ ಜಂಬ ಕೊಚ್ಚಿಕೊಳ್ಳುವವಳಿಗೆ ಹೆತ್ತ ಮಗಳ ಮುಖ ಕಾಣಲಿಲ್ಲ. ನನಗೆ ಭಯವಾಗುತ್ತಿದೆ ಪುಟ್ಟೀ. ಇಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಮೊನ್ನೆ ರಾಜೀನಾಮೆ ಕೊಟ್ಟೆ. ಅದರಿಂದ ನಿನಗೇನೂ ಆಗಬೇಕಾಗಿಲ್ಲ, ಗೊತ್ತು. ಈ ಕಾಗದವನ್ನು ನರ್ಸಮ್ಮ ಹಾಲಿನ ಲೋಟದ ಜೊತೆ ತರುತ್ತಾರೆ. ಒಂದೇ ಗುಟುಕು ಕುಡಿ. ನನಗಾಗಿ ಬೇಡ. ಹೊರಗೆ ಕೂತಿರುವ ಆ ಮನುಷ್ಯ ನಾಲ್ಕು ದಿನದಿಂದ ಸರಿಯಾಗಿ ನೀರೂ ಕುಡಿದಿಲ್ಲ, ಅವರಿಗಾಗಿ ಕುಡಿ. ಆಮೇಲೆ ನನ್ನನ್ನು ಕರೆದು ಬಾಯಿಗೆ ಬಂದ ಹಾಗೆ ಬೈ. ಬೈಯುವುದಕ್ಕಾದರೂ ಮೈಯಲ್ಲಿ ಶಕ್ತಿ ಬೇಕಲ್ಲ. ನಾನು ಎದುರು ಮಾತಾಡದೆ ಕೇಳುತ್ತೇನೆ.

ನೂರು ವರ್ಷ ಬಾಳು ಮಗಳೇ. ನನ್ನ ಆಯಸ್ಸೂ ನಿನಗೇ ಇರಲಿ.

ನಿನ್ನ
ಅಮ್ಮ

ಇದೊಂದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆ ನಿನ್ನ ಹಾಳೆಗಳನ್ನೆಲ್ಲ ಮೊದಲಿನಿಂದ ಓದಿದೆ. 'ಬೇರೇನಾದರೂ ಹೇಳುವುದಿದ್ದರೆ' ಅನ್ನುವ ಕೊನೆಯ ಕಾಲಮ್ಮನ್ನು ನಾನು ಯಾರದ್ದೂ ಓದುತ್ತಿರಲಿಲ್ಲ. ಏಳನೇ ವಾರದ ಭಾನುವಾರ ನೀನು ಬರೆದಿದ್ದೀಯ: "ಮಧ್ಯಾಹ್ನ ಏನೂ ತಿನ್ನಲಿಲ್ಲ. ಅಮ್ಮ ಎದುರಿಗೇ ಕೂತು ಹಾಳೆ ತಿದ್ದುತ್ತಿದ್ದಳು. ಬಡಿಸಿದ ತಟ್ಟೆ ಹಾಗೇ ಎತ್ತಿಟ್ಟೆ. ನೋಡಲಿಲ್ಲ." ಅದರ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ನನ್ನ ಅಕ್ಷರ: "ಭೇಷ್. ಹೀಗೇ ಮುಂದುವರಿಸಿ."