ಬಾಕ್ಸ್ ಹಿಲ್‌ನ ನೀಲಿ ಬೀಗರು

ನಾರ್ವೆಸ್ಟ್, ಸಿಡ್ನಿ
15 ಜೂನ್ 2025

ಪ್ರೀತಿಯ ವಾಸಂತಿ ಅಕ್ಕನಿಗೆ, ಅಹಲ್ಯಾಳ ನಮಸ್ಕಾರ.

ಮೈಸೂರಿನಲ್ಲಿ ಎಲ್ಲರೂ ಹುಷಾರಾಗಿದ್ದೀರಿ ತಾನೆ? ಪತ್ರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಯಜಮಾನರು ಪಕ್ಕದಲ್ಲೇ ಕೂತು ಪ್ರತಿ ಮಾತನ್ನೂ ತಿದ್ದುತ್ತಾರೆ.

ಕಳೆದ ಲಾಂಗ್ ವೀಕೆಂಡಿಗೆ ಮಗಳ ಜೊತೆ ಮೆಲ್ಬರ್ನ್‌ಗೆ ಹೋಗಿದ್ದೆವು. ನಮ್ಮ ಆದ್ಯಾ ಮೆಚ್ಚಿದ ಹುಡುಗ ಕೆಂಜಿಗೆ ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನ ಕೆಲಸ. ತಂದೆ ತಾಯಿ ಜಪಾನಿನವರು, ಮನೆ ಅಲ್ಲೇ ಬಾಕ್ಸ್ ಹಿಲ್‌ನಲ್ಲಿ. "ಸುಮ್ನೆ ನೋಡ್ಕೊಂಡು ಬರೋಣ. ನಾನು ಒಪ್ಪಿದೀನಿ ಅಂತ ಯಾರೂ ಅಂದ್ಕೋಬೇಡಿ" ಎಂದು ವಿಮಾನ ಇಳಿಯುವವರೆಗೂ ಇವರದು ಒಂದೇ ರಾಗ.

ನಾವು ಸಸ್ಯಾಹಾರಿಗಳೆಂದು ಕೆಂಜಿಯ ತಾಯಿ ನೊರಿಕೊ ಮೀನು ಸೋಕಿಸದೆ ಅಡುಗೆ ಮಾಡಿದ್ದರು. ಅನ್ನದ ಉಂಡೆಗೆ ಕಪ್ಪು ಹಾಳೆಯಂಥದ್ದು ಸುತ್ತಿತ್ತು. ಇವರು ನನ್ನ ಕಿವಿಯಲ್ಲಿ, "ಈ ಕಾರ್ಬನ್ ಪೇಪರ್ ಬಿಚ್ಚಿ ತಿನ್ಬೇಕಾ?" ಎಂದರು. "ಅದು ಸಮುದ್ರದ ಸೊಪ್ಪು. ಸುಮ್ನೆ ತಿನ್ನಿ" ಎಂದೆ. ತಿಂದರು. ಆಮೇಲೆ ಜೇಬಿನಿಂದ ಚಟ್ನಿಪುಡಿಯ ಪೊಟ್ಟಣ ತೆಗೆದು ಉದುರಿಸಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಕೆಂಜಿಯ ತಂದೆ ತಮ್ಮ ತಟ್ಟೆಯನ್ನೂ ಮುಂದಕ್ಕೆ ತಳ್ಳಿದರು. ಹಾಕಿಸಿಕೊಂಡು ತಿಂದರು, ನಗಲಿಲ್ಲ.

ಊಟವಾದ ಮೇಲೆ ಗ್ಯಾರೇಜಿಗೆ ಕರೆದರು. ದಂಪತಿ ಅಲ್ಲಿ ಬಟ್ಟೆಗೆ ನೀಲಿ ಬಣ್ಣ ಹಾಕುವುದನ್ನು ಕಲಿಸುತ್ತಾರೆ. ಬಿಳಿ ಬಟ್ಟೆ ಮಡಿಸಿ, ದಾರ ಬಿಗಿದು, ತೊಟ್ಟಿಯಲ್ಲಿ ಅದ್ದಬೇಕು. ಮೇಲೆತ್ತಿದಾಗ ಹಸಿರು, ಗಾಳಿ ತಗುಲಿದಂತೆ ನೀಲಿ. ನನ್ನ ಕರವಸ್ತ್ರದಲ್ಲಿ ಚೆಂದದ ಹೂ ಮೂಡಿತು. ಗ್ಲವ್ಸ್ ಕೊಟ್ಟರೆ ಇವರು ಮಾತ್ರ, "ಓಕುಳಿ ಆಡಿ ಬೆಳೆದೋನು ನಾನು" ಎಂದು ಬರಿಗೈ ಅದ್ದಿದರು. ಸೋಪು, ನಿಂಬೆಹಣ್ಣು, ಪಾತ್ರೆ ಉಜ್ಜುವ ನಾರು, ಯಾವುದಕ್ಕೂ ಬಣ್ಣ ಜಗ್ಗಲಿಲ್ಲ.

ಚಹಾದ ಹೊತ್ತಿಗೆ ಇವರು ಎದ್ದು ನಿಂತು, ಉರುಹೊಡೆದಿದ್ದ ಇಂಗ್ಲಿಷ್ ಭಾಷಣ ಶುರುಮಾಡಿದರು. ನಮ್ಮ ಸಂಪ್ರದಾಯ ಬೇರೆ, ಯೋಚಿಸಲು ಕಾಲ ಬೇಕು, ತಪ್ಪು ತಿಳಿಯಬಾರದು ಎಂದು ಗಂಭೀರವಾಗಿ ಕೈಮುಗಿದರು. ಮುಗಿದ ಕೈ ಮೊಣಕೈವರೆಗೂ ನೀಲಿ. ಕೆಂಜಿಯ ತಂದೆ ಆಗ ನಕ್ಕರು ನೋಡು, ಕಣ್ಣಲ್ಲಿ ನೀರು ಬರುವಷ್ಟು. ತಮ್ಮ ಕೈ ಚಾಚಿದರೆ ಉಗುರೆಲ್ಲ ನೀಲಿ. ಅವರೂ ಗ್ಲವ್ಸ್ ಹಾಕುವುದಿಲ್ಲವಂತೆ, ನೊರಿಕೊ ದಿನಾ ಬೈಯುತ್ತಾರಂತೆ. ಇವರು ನನ್ನತ್ತ ತಿರುಗಿ, "ಗ್ಲವ್ಸ್ ಹಾಕ್ದೇ ಇರೋ ಮನುಷ್ಯನ್ನ ನಂಬಬಹುದು ಕಣೇ" ಎಂದರು. ಭಾಷಣ ಅಲ್ಲಿಗೇ ಬಿಟ್ಟು, ನವೆಂಬರಿನಲ್ಲಿ ಮದುವೆ ಇಟ್ಟುಕೊಳ್ಳೋಣವೇ ಎಂದು ತಾವೇ ಕೇಳಿದರು.

ಮಂಗಳವಾರ ಆಫೀಸಿಗೆ ಜೇಬಿನಲ್ಲಿ ಕೈ ಇಟ್ಟುಕೊಂಡೇ ಹೋದರು.

ನೀನೂ ಭಾವನೂ ಬರಲೇಬೇಕು, ವೀಸಾಗೆ ಈಗಲೇ ಹಾಕಿ. ನಿನ್ನ ಮೊಮ್ಮಗುವಿಗೆ ನನ್ನ ಆಶೀರ್ವಾದ. ನಿನ್ನದು ನಮ್ಮ ಆದ್ಯಾಳ ಮೇಲಿರಲಿ.

ನಿನ್ನ ತಂಗಿ,
ಅಹಲ್ಯಾ

ತಾ.ಕ.: ಇದನ್ನು ಇವರಿಗೆ ಹೇಳಿಲ್ಲ. ಅವತ್ತು ಪಾತ್ರೆ ತೊಳೆಯುವಾಗ ಆದ್ಯಾ ನೊರಿಕೊ ಜೊತೆ ಜಪಾನಿ ಭಾಷೆಯಲ್ಲಿ ಮಾತಾಡುತ್ತಿದ್ದಳು. ತಡವರಿಸುತ್ತ, ತಪ್ಪಿದರೆ ನಗುತ್ತ, ಮತ್ತೆ ಹೇಳುತ್ತ. ಸಂಜೆ ಕ್ಲಾಸಿಗೆ ಹೋಗಿ ಕಲಿಯುತ್ತಿದ್ದಾಳಂತೆ. ಅವಳು ಹುಟ್ಟಿದಾಗಿನಿಂದ ನಾನು ಅವಳ ಜೊತೆ ಕನ್ನಡವೇ ಆಡಿದ್ದೇನೆ, ಅವಳ ಉತ್ತರ ಇಂಗ್ಲಿಷಿನಲ್ಲೇ. ನಾಲಿಗೆ ಹೊರಳುವುದಿಲ್ಲವೇನೋ ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಒರೆಸಿದ ತಟ್ಟೆಯನ್ನೇ ಒರೆಸುತ್ತ, "ಏನಂತೆ ಪುಟ್ಟಿ, ಅಷ್ಟು ನಗು?" ಎಂದು ಕೇಳಿದೆ.

"ನಥಿಂಗ್, ಮಮ್" ಎಂದಳು.